ನಿದ್ದೆಯೂ ಒಸಡೂ

ಹಲ್ಲು ಬೀಳುವುದು ಮುಪ್ಪಿನಿಂದ ಎಂದೇ ನಾವು ಬಹುಕಾಲ ನಂಬಿದ್ದೆವು. ಅಂಗಡಿಯ ಲೆಕ್ಕ ಮುಗಿಸಿ ನಡುರಾತ್ರಿ ಉಂಡು, ಬಾಯಿ ಮುಕ್ಕಳಿಸಿ ಮಲಗಿಬಿಡುತ್ತಿದ್ದೆವು. ಬೆಳಿಗ್ಗೆ ಉಗುಳಿನಲ್ಲಿ ರಕ್ತ ಕಂಡರೆ, ಉಷ್ಣವೆಂದು ಮಜ್ಜಿಗೆ ಕುಡಿದು ಸುಮ್ಮನಾಗುತ್ತಿದ್ದೆವು. ಖಡಕ್ ರೊಟ್ಟಿ ಕಡಿಯುವಾಗ ದವಡೆಹಲ್ಲು ಅಲುಗಾಡಿದ ಮೇಲೆಯೇ ದಂತವೈದ್ಯರ ಬಳಿಗೆ ಹೋದದ್ದು.

"ರಾತ್ರಿ ಹಲ್ಲುಜ್ಜುತ್ತೀರಾ? ಎಷ್ಟು ಹೊತ್ತು ನಿದ್ದೆ?" ಎಂದು ಅವರು ಕೇಳಿದರು. ಎರಡಕ್ಕೂ ನಮ್ಮಲ್ಲಿ ಒಳ್ಳೆಯ ಉತ್ತರವಿರಲಿಲ್ಲ.

ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆ ಸ್ರವಿಸುತ್ತದೆ; ಬಾಯಿ ತನ್ನನ್ನು ತಾನೇ ತೊಳೆದುಕೊಳ್ಳಲಾರದು. ಬಾಯಿ ತೆರೆದು ಉಸಿರಾಡುವವರ ಒಸಡು ಒಣಗುವುದೂ ಉಂಟು. ಉಜ್ಜದೆ ಮಲಗಿದರೆ ಹಲ್ಲಿನ ಬುಡದ ಪಾಚಿಯಲ್ಲಿರುವ ರೋಗಾಣುಗಳಿಗೆ ಅದೇ ಸುಗ್ಗಿ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತರಿಂದ ಹಲ್ಲುಜ್ಜುವುದನ್ನು ನಿಲ್ಲಿಸಿ ನೋಡಿದರು. ಮೂರು ವಾರದೊಳಗೆ ಎಲ್ಲರ ಒಸಡೂ ಬಾತುಕೊಂಡಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ವಾರದಲ್ಲಿ ಗುಣವಾಯಿತು.

ಇನ್ನು ನಿದ್ದೆಗೆಟ್ಟ ದೇಹದಲ್ಲಿ ಉರಿಯೂತ ಹೆಚ್ಚುತ್ತದೆ. ನಿದ್ದೆಯ ಕೊರತೆಯೊಂದೇ ಒಸಡಿನ ರೋಗಕ್ಕೆ ಕಾರಣವೆಂದು ಸಿದ್ಧವಾಗಿಲ್ಲ. ಆದರೆ ದಣಿದವನು ಹಲ್ಲುಜ್ಜದೆ ಮಲಗುತ್ತಾನೆಂಬುದಕ್ಕೆ ನಾವೇ ಸಾಕ್ಷಿ.

ನಮ್ಮ ಆ ಹಲ್ಲು ಉಳಿಯಲಿಲ್ಲ. ಬಾತ ಒಸಡು ಗುಣವಾದೀತು. ಕರಗಿದ ಎಲುಬು ತಾನಾಗಿ ಮರಳದು. ಈಗ ಲೆಕ್ಕವನ್ನು ಮರುದಿನಕ್ಕೆ ಬಿಡುತ್ತೇವೆ. ಮನೆಮಂದಿಯೆಲ್ಲ ಹಲ್ಲುಜ್ಜಿಯೇ ಮಲಗುತ್ತೇವೆ. ಏಳು ತಾಸಿಗೆ ಕಡಿಮೆಯಾಗದಂತೆ ನಿದ್ರಿಸುತ್ತೇವೆ. ಓದುಗ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೆ: ಒಸಡಿನ ರಕ್ತವನ್ನು ಉಷ್ಣವೆಂದು ತಳ್ಳಿಹಾಕದಿರಿ.