ಅಜ್ಜಿಯ ಪಾಂಬನ್ ಸೇತುವೆ

ನಮ್ಮ ಕ್ಯಾತ್ಸಂದ್ರದ ಸ್ಟೇಷನ್ನಿನಲ್ಲಿ ಮೀಟರ್ ಗೇಜ್ ಗಾಡಿ ಉಸ್ಸೆಂದು ಬಂದು ನಿಲ್ಲುತ್ತಿದ್ದ ಕಾಲದಲ್ಲಿ, ಕಲ್ಲಿದ್ದಲ ಹೊಗೆಯೂ ತಟ್ಟೆ ಇಡ್ಲಿಯ ಹಬೆಯೂ ಒಟ್ಟಿಗೇ ಮೂಗಿಗೆ ಬಡಿದು, ಬಾಯಲ್ಲಿ ನೀರೂರಿದ್ದು ಯಾವುದಕ್ಕೆ ಅನ್ನುವುದೇ ತಿಳಿಯುತ್ತಿರಲಿಲ್ಲ ನೋಡಿ. ನಾನು ಬಾಯಿಬಿಟ್ಟುಕೊಂಡು ಇಂಜಿನ್ ನೋಡುತ್ತಿದ್ದರೆ ಅಜ್ಜಿ ಮಾತ್ರ, "ಇದೇನು ಮಹಾ, ರಾಮೇಶ್ವರದ ಗಾಡಿ ಸಮುದ್ರದ ಮೇಲೇ ಹೋಯ್ತದೆ ಕಣಪ್ಪ" ಎಂದು ಶುರುಮಾಡುತ್ತಿದ್ದಳು. ಎಲ್ಲೆಲ್ಲೋ ಗಾಡಿ ಬದಲಾಯಿಸಿ ಯಾತ್ರೆಗೆ ಹೋದವಳು, ಪಾಂಬನ್ ಸೇತುವೆಯ ಮೇಲೆ ಗಾಡಿ ಆಮೆಯಂತೆ ತೆವಳುವಾಗ ನೀರಿಗೆ ಕಾಸೆಸೆದು ಕೈಮುಗಿದದ್ದು, ಕಿಟಕಿಯ ಸರಳು ಹಿಡಿದ ಅಂಗೈ ಅಂಟಂಟಾಗಿ, ನೆಕ್ಕಿದರೆ ಉಪ್ಪುಪ್ಪಾಗಿದ್ದದ್ದು, ಎಲ್ಲವನ್ನೂ ಬಿಡದೆ ಹೇಳುತ್ತಿದ್ದಳು.

1914ರಲ್ಲಿ ಶುರುವಾದ, ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಸೇತುವೆ ಅದು. ಹಡಗು ಬಂದಾಗ ನಡುವಿನ ಎರಡು ರೆಕ್ಕೆ ಎರಡು ಕಡೆಗೆ ಮೇಲೇಳುತ್ತಿದ್ದವು, ಆಳುಗಳೇ ಸನ್ನೆಕೋಲು ತಳ್ಳಿ ಎತ್ತಬೇಕಿತ್ತು. ಆ ರೆಕ್ಕೆಗಳ ಮೈತುಂಬ ಕಬ್ಬಿಣದ ತ್ರಿಕೋನಗಳು. ಯಾಕೆ ತ್ರಿಕೋನವೇ ಎಂದು ಯಾರಾದರೂ ಕೇಳಿದರೆ ಸಾಕು, ನಾನೇ ಕಟ್ಟಿಸಿದವನ ಗತ್ತಿನಲ್ಲಿ ಪೊರಕೆಕಡ್ಡಿ ಮುರಿದು ದಾರ ಬಿಗಿಯುತ್ತೇನೆ: ನಾಲ್ಕು ಕಡ್ಡಿಯ ಚೌಕವನ್ನು ಒತ್ತಿದರೆ ಓರೆಯಾಗುತ್ತದೆ, ಮೂರು ಕಡ್ಡಿಯದು ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ಇದರಿಂದ ಮನೆಯ ಪೊರಕೆ ಬೋಳಾಗಿದೆ, ಬೈಗುಳವೂ ಬಿದ್ದಿದೆ.

1964ರ ಡಿಸೆಂಬರಿನ ಚಂಡಮಾರುತ ರಾಮೇಶ್ವರದಾಚೆ ತುದಿಯ ಧನುಷ್ಕೋಟಿಯನ್ನೂ, ಅಲ್ಲಿಗೆ ಹೊರಟಿದ್ದ ರೈಲನ್ನೂ ಜನರ ಸಮೇತ ನುಂಗಿತು. ಸೇತುವೆಯ ಕಣ್ಣುಗಳು ಕೊಚ್ಚಿಹೋದರೂ ನಡುವಿನ ರೆಕ್ಕೆಗಳು ನಿಂತವು, ರೈಲ್ವೆ ಎಂಜಿನಿಯರ್ ಶ್ರೀಧರನ್ ಅವರ ತಂಡ 46 ದಿನಗಳಲ್ಲಿ ಉಳಿದದ್ದನ್ನು ಜೋಡಿಸಿತು. ತಾನು ಮಿಂದು ಬಂದ ಧನುಷ್ಕೋಟಿಯ ಹೆಸರೆತ್ತಿದರೆ ಅಜ್ಜಿ ಆಮೇಲೆ ಅಡಿಕೆ ಕತ್ತರಿಸುವುದನ್ನೂ ನಿಲ್ಲಿಸಿಬಿಡುತ್ತಿದ್ದಳು.

ನಮ್ಮೂರ ಮೀಟರ್ ಗೇಜ್ 1990ರ ದಶಕದಲ್ಲಿ ಹೋಯಿತು. ಪಾಂಬನ್ನಿನದು 2007ರಲ್ಲಿ ಬ್ರಾಡ್ ಗೇಜ್ ಆಯಿತು, ಉಪ್ಪುಗಾಳಿ ತಿಂದ ಕಬ್ಬಿಣ ಇನ್ನು ತಾಳದೆಂದು 2022ರ ಡಿಸೆಂಬರಿನಲ್ಲಿ ರೈಲೇ ನಿಂತಿತು. ಹೋಗಲಿ ಬಿಡಿ, ಕಬ್ಬಿಣಕ್ಕೂ ವಯಸ್ಸಾಗುತ್ತದೆ. ಪಕ್ಕದಲ್ಲೇ ಕಟ್ಟಿದ ಹೊಸ ಸೇತುವೆ 2025ರ ಏಪ್ರಿಲ್‌ನಲ್ಲಿ ತೆರೆಯಿತು. ನಡುವಿನ ಭಾಗ ಲಿಫ್ಟಿನ ಹಾಗೆ ಇಡಿಯಾಗಿ ಮೇಲೇರುವುದನ್ನು ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ. ಚೆನ್ನಾಗಿಯೇ ಇದೆ. ಅಜ್ಜಿ ಇದ್ದಿದ್ದರೆ ಕಣ್ಣು ಕಿರಿದು ಮಾಡಿ ನೋಡಿ, "ಹಂಗಾರೆ ಆ ತಳ್ಳೋ ಆಳುಗಳಿಗೆ ಈಗ ಏನಪ್ಪ ಕೆಲಸ?" ಎಂದು ಕೇಳದೆ ಬಿಡುತ್ತಿರಲಿಲ್ಲ.