ಗವಾಕ್ಷಿಯ ಬೆಳಕು ಗೊಂಬೆಮನೆಗೆ

ಯಾದಗಿರಿ ನಿಲ್ದಾಣದಲ್ಲಿ ರೈಲಿಳಿದು ಶಹಾಪುರದ ಬಸ್ಸು ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಭೀಮಾ ನದಿಯನ್ನು ದಾಟುತ್ತೀರಿ. ಹಿಂದೆ ಯಾದಗಿರಿಯ ಕೋಟೆ ಬೆಟ್ಟ, ಮುಂದೆ ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟಸಾಲು. ಅಲ್ಲಿಂದಾಚೆಗೆ ಸುರಪುರ. 2009ರ ಡಿಸೆಂಬರ್ 30ರಂದು ಗುಲ್ಬರ್ಗಾದಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾದಾಗ ಅದರಲ್ಲಿದ್ದ ತಾಲೂಕುಗಳು ಈ ಮೂರೇ.

ಇಲ್ಲಿಗೆ ಬಂದವರು ನೋಡುವ ಜಾಗಗಳು ನಿಮಗೂ ಗೊತ್ತಿರಬಹುದು. ಶಹಾಪುರದ ಹತ್ತಿರದ ಗೋಗಿಯಲ್ಲಿ ಬಿಜಾಪುರದ ಆದಿಲ್‌ಶಾಹಿ ವಂಶದ ಸ್ಥಾಪಕ ಯೂಸುಫ್ ಆದಿಲ್‌ಶಾಹ್‌ನ ಸಮಾಧಿಯಿದೆ. ಸುರಪುರದಲ್ಲಿ ಕರ್ನಲ್ ಮೆಡೋಸ್ ಟೇಲರ್ 1840ರ ದಶಕದಲ್ಲಿ ಕಟ್ಟಿಸಿದ ಟೇಲರ್ ಮಂಜಿಲ್ ಬೆಟ್ಟದ ಮೇಲೆ ನಿಂತಿದೆ. ಇವನ್ನೆಲ್ಲ ನೋಡಿ ಬನ್ನಿ. ಆದರೆ ಬರುವ ದಾರಿಯಲ್ಲಿ ಹಳೆಯ ಓಣಿಯ ಒಂದು ಮನೆಯೊಳಗೂ ಕಾಲಿಡಿ. ಪರಿಚಯದವರ ಮನೆ ಸಿಕ್ಕರೆ ಸಾಕು, ಸಲಾಮ್ ಹೇಳಿ ಒಳಗೆ ಹೋಗಿ.

ಹೊರಗಿನ ಬಿಸಿಲಿನಿಂದ ಒಳಗೆ ಹೋದೊಡನೆ ಕಣ್ಣಿಗೆ ಏನೂ ಕಾಣುವುದಿಲ್ಲ. ಒಂದೆರಡು ನಿಮಿಷ ಕಳೆದ ಮೇಲೆ ಕೋಣೆ ತಾನಾಗಿ ತೆರೆದುಕೊಳ್ಳುತ್ತದೆ. ದಪ್ಪನೆಯ ಕಲ್ಲು ಗೋಡೆ, ಮೇಲೆ ಮರದ ತೊಲೆ ಮತ್ತು ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಕಿಟಕಿ ಇದ್ದರೂ ಚಿಕ್ಕದು. ಬೇಸಿಗೆಯ ಉರಿಬಿಸಿಲನ್ನು ಹೊರಗೇ ನಿಲ್ಲಿಸಬೇಕಲ್ಲವೇ? ಹಾಗಾದರೆ ಬೆಳಕು ಎಲ್ಲಿಂದ? ತಲೆಯೆತ್ತಿ ನೋಡಿ. ಮಾಳಿಗೆಯಲ್ಲೊಂದು ಗವಾಕ್ಷಿ, ಅಂದರೆ ಬೆಳಕಿಂಡಿ. ಕರಾವಳಿಯ ಹಂಚಿನ ಮನೆಯಲ್ಲಿ ನಡುವೆ ಕೂರಿಸುವ ಗಾಜಿನ ಹಂಚು ಮಾಡುವ ಕೆಲಸವನ್ನು ಇಲ್ಲಿ ಈ ಗವಾಕ್ಷಿ ಮಾಡುತ್ತದೆ. ಒಲೆಯ ಹೊಗೆಗೂ ಅದೇ ದಾರಿ.

ಈ ಬೆಳಕು ನಿಂತಲ್ಲಿ ನಿಲ್ಲುವುದಿಲ್ಲ. ಸುರಪುರ ಭೂಮಧ್ಯರೇಖೆಯಿಂದ ಸುಮಾರು 16.5 ಡಿಗ್ರಿ ಉತ್ತರಕ್ಕಿದೆ. ಹಾಗಾಗಿ ಮೇ ಮತ್ತು ಆಗಸ್ಟ್ ತಿಂಗಳ ಮೊದಲ ವಾರದ ಸುಮಾರಿಗೆ ನಡುಹಗಲಿನ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ಬಿಸಿಲು ಗವಾಕ್ಷಿಯ ಸರಿಯಾಗಿ ಕೆಳಗೆ ಬೀಳುತ್ತದೆ. ಡಿಸೆಂಬರ್‌ನಲ್ಲಿ ಅದು 40 ಡಿಗ್ರಿಯಷ್ಟು ಓರೆಯಾಗಿ ಉತ್ತರದ ಗೋಡೆಯತ್ತ ಸರಿಯುತ್ತದೆ. ಗಡಿಯಾರವಿಲ್ಲದ ಕಾಲದ ಹೆಂಗಸರು ನೆಲದ ಮೇಲಿನ ಆ ಬಿಸಿಲ ತುಂಡನ್ನು ನೋಡಿಯೇ ಹೊತ್ತು ಹೇಳುತ್ತಿದ್ದರು. ಅಕ್ಕಿ ಆರಿಸಲು, ಸೂಜಿಗೆ ದಾರ ಪೋಣಿಸಲು ಅದರ ಹತ್ತಿರವೇ ಕೂರುತ್ತಿದ್ದರು.

ಇಂಥ ಮನೆಗಳು ಈಗ ಒಂದೊಂದಾಗಿ ಇಲ್ಲವಾಗುತ್ತಿವೆ. ಮಾಳಿಗೆ ಸೋರುತ್ತದೆ, ವರ್ಷವರ್ಷ ಮಣ್ಣು ಹಾಕಲು ಕೈಗಳಿಲ್ಲ. ಕೂಲಿ ಅರಸಿ ಬೆಂಗಳೂರು, ಮುಂಬೈ ಸೇರಿದ ಕುಟುಂಬಗಳೂ ಅನೇಕ. ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಹಳೆಯದನ್ನು ಕೆಡವಿ ಸ್ಲ್ಯಾಬಿನ ಮನೆ ಕಟ್ಟುತ್ತಾರೆ. ಅದನ್ನು ತಪ್ಪೆನ್ನಲು ಸಾಧ್ಯವೇ? ಸೋರದ ಸೂರು ಎಲ್ಲರಿಗೂ ಬೇಕು. ಆದರೆ ಅಜ್ಜಿ ಬಾಳಿದ ಕೋಣೆ ಹೇಗಿತ್ತು ಎಂಬುದು ಮೊಮ್ಮಕ್ಕಳಿಗೆ ತಿಳಿಯದೆ ಹೋಗಬಾರದು. ಇದಕ್ಕೊಂದು ಸುಲಭ ಉಪಾಯವಿದೆ. ಆ ಕೋಣೆಯನ್ನು ಗೊಂಬೆಮನೆಯಾಗಿ ಮಾಡಿಡಿ.

ಗೊಂಬೆಯಾಟ ನಮಗೆ ಹೊಸತಲ್ಲ. ಹ. ಆಯಿಶಾ(ರ) ಗೆಳತಿಯರೊಂದಿಗೆ ಗೊಂಬೆಯಾಡುತ್ತಿದ್ದುದನ್ನೂ ಪ್ರವಾದಿಯವರು(ಸ) ಆ ಆಟಕ್ಕೆ ಅವಕಾಶ ಕೊಟ್ಟದ್ದನ್ನೂ ಹದೀಸ್‌ಗಳಲ್ಲಿ ಓದುತ್ತೇವೆ. ಬಟ್ಟೆಯ ರೆಕ್ಕೆಯಿದ್ದ ಆಟದ ಕುದುರೆಯ ಪ್ರಸಂಗವಂತೂ ಮಕ್ಕಳಿಗೆ ಬಲು ಇಷ್ಟ. ಇತ್ತ ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿ ರಾಣಿ ಮೇರಿಗಾಗಿ 1924ರಲ್ಲಿ ಪೂರ್ತಿಗೊಳಿಸಿದ ಗೊಂಬೆಮನೆಯೊಂದಿದೆ. ಅದರೊಳಗೆ ವಿದ್ಯುತ್ ದೀಪಗಳೂ ಉರಿಯುವಂತೆ ಮಾಡಿದ್ದರು. ದಿಲ್ಲಿಯ ರಾಷ್ಟ್ರಪತಿ ಭವನವನ್ನು ರೂಪಿಸಿದ ಎಡ್ವಿನ್ ಲುಟ್ಯೆನ್ಸ್ ಅವರೇ ಅದನ್ನೂ ರೂಪಿಸಿದರು. ಅದರ ಅಳತೆ 12ಕ್ಕೆ 1. ಅಂದರೆ ನಿಜದ ಮನೆಯ ಒಂದು ಅಡಿ ಇಲ್ಲಿ ಒಂದು ಇಂಚು.

ನೀವೂ ಅದೇ ಲೆಕ್ಕ ಹಿಡಿಯಿರಿ. 12 ಅಡಿ ಉದ್ದ, 10 ಅಡಿ ಅಗಲದ ಕೋಣೆ 12 ಇಂಚು, 10 ಇಂಚಿನ ರಟ್ಟಿನ ಪೆಟ್ಟಿಗೆಯಲ್ಲಿ ಹಿಡಿಯುತ್ತದೆ. ಒಂದು ಬದಿ ತೆರೆದಿರಲಿ. ಗೋಡೆ ದಪ್ಪ ಕಾಣಲು ಎರಡು ರಟ್ಟುಗಳ ನಡುವೆ ಥರ್ಮೋಕೋಲ್ ಇಡಿ. ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಹಚ್ಚಿ. ಮೇಲೆ ಒಂದು ಇಂಚಿನ ಚೌಕ ಕತ್ತರಿಸಿದರೆ ಗವಾಕ್ಷಿ ಸಿದ್ಧ. ಅದರ ಮೇಲಿಂದ ಬಿಳಿ ಬೆಳಕಿನ ಟಾರ್ಚ್ ಹಿಡಿಯಿರಿ. ನೇರ ಹಿಡಿದರೆ ಮೇ ತಿಂಗಳ ನಡುಹಗಲು, ಓರೆ ಮಾಡಿದರೆ ಡಿಸೆಂಬರ್. ಭೂಗೋಳದ ಪಾಠ ಮಕ್ಕಳಿಗೆ ಅಲ್ಲೇ ಅರ್ಥವಾಗುತ್ತದೆ.

ಇನ್ನು ರಾತ್ರಿಯ ಬೆಳಕು. ಗೋಡೆಯ ಮಾಡದಲ್ಲಿ ಚಿಮಣಿ, ತೊಲೆಯ ಮೊಳೆಗೆ ಕಂದೀಲು. ದೀಪವನ್ನು ಮಾಡದಲ್ಲಿಡುವುದು ಗಾಳಿಗೆ ಆರದಿರಲಿ ಎಂದಷ್ಟೇ ಅಲ್ಲ. ಸುಣ್ಣ ಬಳಿದ ಆ ಗೂಡು ಬೆಳಕನ್ನು ಕೋಣೆಯತ್ತ ತಿರುಗಿಸುತ್ತದೆ. ಸೂರಃ ಅನ್ನೂರ್‌ನ 35ನೇ ಸೂಕ್ತದಲ್ಲಿ ಬರುವ ಗೂಡು, ಗಾಜು, ದೀಪದ ಉಪಮೆಯನ್ನು ಮಕ್ಕಳಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೆ?

3 ಮಿಲಿಮೀಟರ್‌ನ ಎಲ್‌ಇಡಿ ಚಿಮಣಿಗೆ ಸರಿಹೊಂದುತ್ತದೆ. 5 ಮಿಲಿಮೀಟರ್‌ನದು ಗೋಡೆಯ ಬಲ್ಬಿಗೆ. 12ರಿಂದ ಗುಣಿಸಿದರೆ 60 ಮಿಲಿಮೀಟರ್, ಸಾಮಾನ್ಯ ಬಲ್ಬಿನ ಅಗಲ ಅಷ್ಟೇ. ಹಳದಿ ಛಾಯೆಯ ವಾರ್ಮ್ ವೈಟ್ ಕೇಳಿ ತನ್ನಿ. ಹಾಲಿನಂಥ ಬಿಳಿ ಬೆಳಕು ಹಾಕಿದರೆ ಕೋಣೆ ಔಷಧಿ ಅಂಗಡಿಯಂತೆ ಕಾಣುತ್ತದೆ. ಪಾರದರ್ಶಕ ಬಾಲ್‌ಪೆನ್ನಿನ ಕೊಳವೆಯಿಂದ ಅರ್ಧ ಇಂಚು ಕತ್ತರಿಸಿದರೆ ಕಂದೀಲಿನ ಗಾಜು. 1.5 ವೋಲ್ಟಿನ ಎರಡು ಪೆನ್ಸಿಲ್ ಸೆಲ್‌ಗಳನ್ನು ಒಂದರ ಹಿಂದೊಂದು ಜೋಡಿಸಿದರೆ 3 ವೋಲ್ಟ್ ಸಿಗುತ್ತದೆ. ಎಲ್‌ಇಡಿಯ ಉದ್ದ ಕಾಲು ಸೆಲ್ಲಿನ ಧನ ತುದಿಗೆ ಸೇರಲಿ. ಪ್ರತಿ ಎಲ್‌ಇಡಿಗೂ ಒಂದು 47 ಓಮ್‌ನ ರೆಸಿಸ್ಟರ್ ಹಾಕಿದರೆ ಬೆಳಕು ಮಂದವಾಗುತ್ತದೆ, ಬಾಳಿಕೆಯೂ ಹೆಚ್ಚು.

ವೈರನ್ನು ಅಡಗಿಸಲು ಒದ್ದಾಡಬೇಡಿ. ಹಳೆಯ ಮನೆಗಳಲ್ಲಿ ಕರೆಂಟಿನ ವೈರು ಮರದ ಪಟ್ಟಿಯ ಮೇಲೆ ಕಾಣುವಂತೆಯೇ ಹೋಗುತ್ತಿತ್ತು. ಬೆಂಕಿಕಡ್ಡಿಗಳನ್ನು ಅಂಟಿಸಿ ಅದರ ಮೇಲೆ ವೈರು ಎಳೆಯಿರಿ, ಕಪ್ಪು ಗುಂಡಿಯೊಂದು ಸ್ವಿಚ್ ಆಗಲಿ. ಮಾಡದ ಮೇಲ್ಭಾಗಕ್ಕೆ ಬೆರಳಿನಿಂದ ಸ್ವಲ್ಪ ಕಾಡಿಗೆ ಒರೆಸಿದರೆ ವರ್ಷಗಳ ಮಸಿ ಬಂತು. ಮೂಲೆಗಳು ಕತ್ತಲಾಗಿಯೇ ಇರಲಿ. ಎಲ್ಲ ಕಡೆ ಬೆಳಕು ತುಂಬಿದರೆ ಅದು ಆ ಮನೆಯಲ್ಲ.

ಎರಡು ಎಚ್ಚರಿಕೆಯ ಮಾತುಗಳು. ಗುಂಡಿಯಂಥ ಚಪ್ಪಟೆ ಸೆಲ್ ಬಳಸಬೇಡಿ. ಮಗು ಅದನ್ನು ನುಂಗಿದರೆ ಎರಡು ತಾಸಿನೊಳಗೆ ಅನ್ನನಾಳ ಸುಟ್ಟುಹೋಗಬಹುದು. ತಕ್ಷಣ ಆಸ್ಪತ್ರೆಗೆ ಓಡಬೇಕಾಗುತ್ತದೆ. ರಟ್ಟಿನ ಮನೆಯೊಳಗೆ ನಿಜವಾದ ಮೇಣದಬತ್ತಿ ಹಚ್ಚುವುದಾಗಲೀ ಮನೆಯ ಕರೆಂಟಿನಿಂದ ವೈರು ಎಳೆಯುವುದಾಗಲೀ ಬೇಡವೇ ಬೇಡ.

ನಿಮ್ಮ ಊರಿನ ಹಳೆಮನೆಗೂ ಹಾರೆ ಬೀಳುವ ದಿನ ಗೊತ್ತಾಗಿದ್ದರೆ, ಅದಕ್ಕೆ ಮೊದಲೇ ಟೇಪು ಹಿಡಿದು ಮಗಳೊಂದಿಗೆ ಹೋಗಿ ಅಳತೆ ಬರೆದುಕೊಳ್ಳಿ. ಮಾಡ ನೆಲದಿಂದ ಎಷ್ಟು ಎತ್ತರ, ಗವಾಕ್ಷಿ ಒಲೆಯಿಂದ ಎಷ್ಟು ದೂರ ಎಂಬುದು ಫೋಟೋದಲ್ಲಿ ಸಿಗುವುದಿಲ್ಲ. ಗೊಂಬೆಮನೆ ಮುಗಿದ ಮೇಲೆ ಮನೆಯ ಹಿರಿಯಳ ಮುಂದಿಟ್ಟು ದೀಪ ಹಚ್ಚಿ. “ಕಂದೀಲು ಅಲ್ಲಿರಲಿಲ್ಲ, ಒಲೆಯ ಎಡಕ್ಕಿತ್ತು” ಎಂದು ಅವರು ತಿದ್ದಿದರೆ ಬೇಸರಪಡಬೇಡಿ. ಎಡಕ್ಕೆ ಏಕೆ ಎಂದು ಕೇಳಿ. ರೊಟ್ಟಿ ಬಡಿಯುವ ಬಲಗೈಯ ನೆರಳು ಹಿಟ್ಟಿನ ಮೇಲೆ ಬೀಳಬಾರದಲ್ಲ ಎಂಬ ಉತ್ತರ ಬರಬಹುದು. ಕೇಳುವವರಿಲ್ಲದೆ ಮನದಲ್ಲೇ ಉಳಿದ ಇಂಥ ಎಷ್ಟು ಮಾತುಗಳು ಅವರಲ್ಲಿವೆಯೋ, ಕೇಳಿ ಬರೆದಿಡಿ.