ಗಾಲಿಯ ಮೇಲಣ ಮನೆ

“ಮನೆ ಕಟ್ಟಿ ನೋಡು” ಎಂದು ಒಂದು ಗಾದೆ. “ದೇಶ ಸುತ್ತಿ ನೋಡು” ಎಂದು ಇನ್ನೊಂದು. ಎರಡೂ ಒಂದೇ ನಾಲಗೆಯಲ್ಲಿ ಹುಟ್ಟಿದುವಾದರೂ ಒಂದು ಹೇಳಿದ ಕೆಲಸವನ್ನು ಮಾಡಿದವನಿಗೆ ಇನ್ನೊಂದಕ್ಕೆ ಹಣವೂ ಉಳಿಯುವುದಿಲ್ಲ, ವಯಸ್ಸೂ ಉಳಿಯುವುದಿಲ್ಲ. ತನ್ನದೆಂಬ ಸೂರಿನ ಕೆಳಗೆ ಕಾಲು ಚಾಚಿ ಮಲಗಬೇಕೆಂಬ ಆಸೆಯೂ, ಆ ಸೂರನ್ನು ಬಿಟ್ಟು ಕಾಣದ ಊರುಗಳನ್ನು ಕಾಣಬೇಕೆಂಬ ಆಸೆಯೂ ಮನುಷ್ಯನಲ್ಲಿ ಒಟ್ಟಿಗೇ ವಾಸಮಾಡುತ್ತವೆ. ಇವೆರಡಕ್ಕೂ ರಾಜಿ ಮಾಡಿಸುವ ಉಪಾಯ ಒಂದುಂಟು. ಮನೆಗೆ ಗಾಲಿಗಳನ್ನು ಹಾಕಿಬಿಡುವುದು.

ಈ ವಿಚಾರಕ್ಕೆ ಬೂದಿಕೋಟೆ ತಕ್ಕ ಸ್ಥಳ. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಹೈದರಾಲಿ ಹುಟ್ಟಿದ್ದು ಇಲ್ಲಿ. ಕೋಟೆಯ ಊರಿನಲ್ಲಿ ಹುಟ್ಟಿದ ಆತನ ಆಯುಷ್ಯದ ಬಹುಭಾಗ ಕಳೆದುದು ಕೋಟೆಯೊಳಗಲ್ಲ, ದಂಡಿನ ಬೀಡುಗಳಲ್ಲಿ. ೧೭೮೨ನೆಯ ಡಿಸೆಂಬರ್ ೭ರಂದು ಚಿತ್ತೂರಿನ ಸಮೀಪದ ಪಾಳೆಯದಲ್ಲಿಯೇ ಆತನ ಪ್ರಾಣ ಹೋಯಿತು. ದೇಹವನ್ನು ಮೊದಲು ಕೋಲಾರಕ್ಕೆ ತಂದು, ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದರು. ಆ ದಂಡುಗಳ ಹಿಂದೆ ಎತ್ತುಗಳೂ ಬಂಡಿಗಳೂ ನಡೆದವು. ಹೇರೆತ್ತುಗಳ ಮೇಲೆ ಧಾನ್ಯವನ್ನು ಹೊತ್ತು ಸೇನೆಗಳಿಗೆ ಒದಗಿಸುತ್ತಿದ್ದ ಲಂಬಾಣಿಗಳಿಗೆ ಸಂಸಾರವೇ ಪಯಣ, ಪಯಣವೇ ಸಂಸಾರವಾಗಿದ್ದಿತು. ಆದುದರಿಂದ ಚಲಿಸುವ ಮನೆ ಎಂಬುದು ಈ ನೆಲಕ್ಕೆ ಪರದೇಶದಿಂದ ಬಂದ ಹೊಸ ಮಾತೇನೂ ಅಲ್ಲ.

ಸಾಮಾನ್ಯ ಗೃಹಸ್ಥನ ಪಾಲಿಗೆ ಆ ಮನೆ ಕಮಾನು ಗಾಡಿಯ ರೂಪದಲ್ಲಿದ್ದಿತು. ಶಿವರಾತ್ರಿಯಲ್ಲಿ ಮುಳಬಾಗಿಲು ತಾಲ್ಲೂಕಿನ ಆವನಿಯ ಜಾತ್ರೆಗೋ, ಚಳಿಗಾಲದಲ್ಲಿ ದೊಡ್ಡಬಳ್ಳಾಪುರದ ಕಡೆಯ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೋ ಹೊರಟ ಸಂಸಾರ ಬಿದಿರಿನ ಕಮಾನಿನ ಮೇಲೆ ಚಾಪೆ ಹೊದಿಸಿ, ಒಳಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನವನ್ನು ಹಾಸಿಕೊಳ್ಳುತ್ತಿತ್ತು. ಹಗಲು ಆಸನವಾದ ಹುಲ್ಲು ರಾತ್ರಿ ಹಾಸಿಗೆಯಾಗುವುದು. ಊರು ಮುಟ್ಟುವ ಹೊತ್ತಿಗೆ ಎತ್ತುಗಳಿಗೆ ಮೇವಾಗುವುದು. ಒಂದೇ ವಸ್ತುವಿನಿಂದ ಮೂರು ಕೆಲಸಗಳನ್ನು ತೆಗೆಯುವ ಈ ಜಾಣತನವನ್ನು ಯಾವ ಶಿಲ್ಪಶಾಲೆಯೂ ಕಲಿಸಲಿಲ್ಲ. ಗಾಡಿಯನ್ನು ಮಾಡುವವರು ಊರಿನ ಬಡಗಿ ಮತ್ತು ಕಮ್ಮಾರ. ಜಾಲಿಯ ಮರದಿಂದ ಗುಂಬವನ್ನು ಕಡೆದು, ಅರೆಗಳನ್ನು ಕೂರಿಸಿ, ಕಬ್ಬಿಣದ ಪಟ್ಟೆಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಗಾಲಿಗೆ ತೊಡಿಸುತ್ತಿದ್ದರು. ಕಾದ ಕಬ್ಬಿಣ ಹಿಗ್ಗಿ ಸಲೀಸಾಗಿ ಕೂರುವುದು. ನೀರು ಹೊಯ್ದೊಡನೆ ಕುಗ್ಗಿ, ಮರದ ತುಂಡುಗಳನ್ನೆಲ್ಲ ಮುಷ್ಟಿಯಲ್ಲಿ ಹಿಡಿದಂತೆ ಬಿಗಿಯುವುದು. ಮೊಳೆಯೂ ಬೇಡ, ಅಂಟೂ ಬೇಡ.

ಪಶ್ಚಿಮ ದೇಶದವರು ಇದನ್ನೇ ಬೇರೆ ದಾರಿಯಿಂದ ಮುಟ್ಟಿದರು. ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾದಳದ ನಿವೃತ್ತ ವೈದ್ಯನು ೧೮೮೫ರಲ್ಲಿ ಬ್ರಿಸ್ಟಲ್ ನಗರದ ಗಾಡಿ ಕಾರ್ಖಾನೆಯಲ್ಲಿ ‘ವಾಂಡರರ್’ ಎಂಬ ಮನೆಗಾಡಿಯನ್ನು ಮಾಡಿಸಿ, ಎರಡು ಕುದುರೆಗಳನ್ನು ಹೂಡಿ, ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ವಿಹಾರ ಮಾಡಿದನು. ಅದು ಸಿರಿವಂತಿಕೆಯ ವಿನೋದ. ಸೇವಕನೊಬ್ಬ ಮೂರು ಗಾಲಿಯ ಸೈಕಲ್ಲಿನಲ್ಲಿ ಮುಂದೆ ಮುಂದೆ ಹೋಗಿ ದಾರಿ ನೋಡಿಕೊಳ್ಳುತ್ತಿದ್ದನು. ಬಡತನದ ಮನೆಗಾಡಿ ಕಾಣಿಸಿಕೊಂಡಿದ್ದು ಅಮೆರಿಕದಲ್ಲಿ, ೧೯೩೦ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ. ಮೋಟಾರಿನ ಹಿಂದೆ ಕಟ್ಟಿ ಎಳೆಯುವ, ಕಣ್ಣೀರಿನ ಹನಿಯ ಆಕಾರದ ಆ ಪುಟ್ಟ ಟ್ರೈಲರುಗಳನ್ನು ಜನರು ತಮ್ಮ ತಮ್ಮ ಮನೆಯ ಅಂಗಳಗಳಲ್ಲಿಯೇ ಮಾಡಿಕೊಂಡರು. ೧೯೪೭ರಲ್ಲಿ ‘ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆ ಅದರ ನಕ್ಷೆಯನ್ನು ಪ್ರಕಟಿಸಿತು. ಯುದ್ಧದಲ್ಲಿ ಮಿಕ್ಕ ಜೀಪಿನ ಗಾಲಿಗಳೂ ಅಲ್ಯೂಮಿನಿಯಂ ತಗಡುಗಳೂ ಅನೇಕರ ಕೈಯಲ್ಲಿ ಮನೆಯಾಗಿ ಪರಿಣಮಿಸಿದುವು. ಮಲಗಲು ಒಳಗೆ ಸ್ಥಳ; ಹಿಂಬದಿಯ ಮುಚ್ಚಳವನ್ನು ಮೇಲಕ್ಕೆತ್ತಿದರೆ ಅಡಿಗೆಯ ಕಟ್ಟೆ. ಇಷ್ಟೇ ಅದರ ವೈಭವ.

ಇಂಥದೊಂದನ್ನು ತಾನೂ ಮಾಡಬೇಕೆಂದು ಬೂದಿಕೋಟೆಯ ಗೃಹಸ್ಥನೊಬ್ಬನಿಗೆ ಮನಸ್ಸಾಯಿತೆಂದು ಭಾವಿಸೋಣ. ಮಿತವ್ಯಯದ ಗುಟ್ಟು ಅಗ್ಗದ ಸಾಮಾನಿನಲ್ಲಿಲ್ಲ, ಅಳತೆಯಲ್ಲಿದೆ ಎಂಬುದು ಆತನಿಗೆ ಮೊದಲು ತಿಳಿಯತಕ್ಕುದು. ಬಂಗಾರಪೇಟೆಯ ಅಂಗಡಿಯಲ್ಲಾಗಲಿ ಬೇರೆಲ್ಲಿಯೇ ಆಗಲಿ ಪ್ಲೈವುಡ್ ಹಲಗೆ ಸಾಮಾನ್ಯವಾಗಿ ದೊರೆಯುವುದು ೮ ಅಡಿ ಉದ್ದ, ೪ ಅಡಿ ಅಗಲದಲ್ಲಿ. ಮನೆಯನ್ನೂ ಅದೇ ಅಳತೆಗೆ ಹೊಂದಿಸಿದರೆ ನೆಲಕ್ಕೆ ಒಂದು ಹಲಗೆ, ಎರಡು ಪಕ್ಕದ ಗೋಡೆಗಳಿಗೆ ಒಂದೊಂದು. ಮೇಲ್ಛಾವಣಿಗೆ ಬಾಗುವಂತಹ ತೆಳು ಹಲಗೆ ಒಂದೂವರೆ. ಕತ್ತರಿಸಿ ಎಸೆಯುವ ಚೂರೇ ವೆಚ್ಚದ ಚೂರು. ೧೨ ಮಿಲಿಮೀಟರ್ ದಪ್ಪದ ಹಲಗೆ ಒಂದಕ್ಕೆ ೨೦ರಿಂದ ೨೫ ಕಿಲೋ ತೂಕವೆಂದು ಹಿಡಿದರೂ ಮರದ ಭಾರವೆಲ್ಲ ಸೇರಿ ಒಂದು ಕ್ವಿಂಟಲನ್ನು ಮೀರದು. ಹಲಗೆ ನೀರನ್ನು ತಡೆಯುವ ಜಾತಿಯದಾಗಿರಬೇಕು. ಅದಕ್ಕಿಂತ ಹೆಚ್ಚಾಗಿ ಅಂಚುಗಳಿಗೆ ಬಣ್ಣ ಬಳಿದಿರಬೇಕು. ಪದರಗಳು ತೆರೆದುಕೊಂಡಿರುವ ಅಂಚಿನಿಂದಲೇ ನೀರು ಒಳಗೆ ನುಗ್ಗುವುದು.

“ಇಷ್ಟು ಗೂಡಿನಲ್ಲಿ ಅಡಿಗೆಗೆ ಜಾಗವೆಲ್ಲಿ?” ಎಂದು ಗೃಹಿಣಿ ಕೇಳುವಳು. ಅವಳ ಪ್ರಶ್ನೆ ನ್ಯಾಯವಾದುದು, ಉತ್ತರವೂ ಒಂದೇ. ಅಡಿಗೆ ಹೊರಗೆ. ಮುಚ್ಚಿದ ಸಣ್ಣ ಗೂಡಿನಲ್ಲಿ ಒಲೆಯಾಗಲಿ ಇದ್ದಿಲಿನ ಅಗ್ಗಿಷ್ಟಿಕೆಯಾಗಲಿ ಉರಿದರೆ ಬಣ್ಣವೂ ವಾಸನೆಯೂ ಇಲ್ಲದ ವಿಷದ ಅನಿಲ ತುಂಬಿಕೊಂಡು, ಮಲಗಿದವರು ಏಳದೆಯೇ ಹೋಗುವರು. ಆದುದರಿಂದ ಚಳಿ ಎಷ್ಟಿದ್ದರೂ ಬೆಂಕಿ ಬಯಲಿನಲ್ಲಿಯೇ ಇರತಕ್ಕುದು. ಗೋಡೆಯ ಕೆಳಭಾಗದಲ್ಲೊಂದು, ಮೇಲ್ಭಾಗದಲ್ಲೊಂದು ಗಾಳಿಗಂಡಿಯೂ ಇರತಕ್ಕುದು.

ಇನ್ನು ಭಾರದ ವಿಚಾರ. ಇಲ್ಲಿ ಹಳೆಯ ಗಾಡಿ ಹೊಡೆಯುವವನಿಗಿಂತ ದೊಡ್ಡ ಗುರು ಯಾರೂ ಇಲ್ಲ. ಹೊರೆ ಹೇರುವಾಗ ಅವನು ಮುಂಭಾರವೋ ಹಿಂಭಾರವೋ ಎಂದು ಮೂಕಿಯನ್ನು ಎತ್ತಿ ನೋಡುತ್ತಾನೆ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳನ್ನು ಬಿಗಿಯುವುದು. ಮುಂಭಾರ ಅತಿಯಾದರೆ ಹೆಗಲು ಹುಣ್ಣಾಗುವುದು. ಕೊಂಚ ಮುಂಭಾರವಿರಬೇಕು, ಅಷ್ಟೆ. ಮೋಟಾರಿನ ಹಿಂದಿನ ಟ್ರೈಲರಿಗೂ ಇದೇ ಧರ್ಮ. ಒಟ್ಟು ತೂಕದಲ್ಲಿ ಸುಮಾರು ಹತ್ತನೆಯ ಒಂದು ಪಾಲು, ಎಂದರೆ ೫೦೦ ಕಿಲೋಗೆ ೫೦ ಕಿಲೋ, ಮುಂದಿನ ಕೊಂಡಿಯ ಮೇಲೆ ಕೂರುವಂತೆ ಅಚ್ಚನ್ನು ನಡುವಿಗಿಂತ ತುಸು ಹಿಂದಕ್ಕೆ ಇಡುತ್ತಾರೆ. ಹಿಂಭಾರವಾದ ಟ್ರೈಲರು ವೇಗದಲ್ಲಿ ಹಾವಿನ ಬಾಲದಂತೆ ಓಲಾಡಿ ಎಳೆಯುವ ವಾಹನವನ್ನೂ ದಾರಿಯಿಂದ ಹೊರಗೆ ಎಸೆಯುವುದುಂಟು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ವಿದ್ವತ್ತಿನ ಪೀಠದಲ್ಲಿದ್ದುಕೊಂಡೇ ಎತ್ತಿನ ಗಾಡಿಯ ಸುಧಾರಣೆಯನ್ನು ತಮ್ಮ ಜೀವನದ ಒಂದು ಮುಖ್ಯ ಕಾರ್ಯವಾಗಿ ಕೈಕೊಂಡರು. ಕೊರಳಿಗೆ ನೋವಾಗದ ನೊಗ, ಸಲೀಸಾಗಿ ತಿರುಗುವ ಗಾಲಿ, ಇವು ಅವರ ಚಿಂತೆಗಳಾಗಿದ್ದುವು. ಗಾಡಿಯ ಮೇಲಿನ ಸೊಬಗಿಗಿಂತ ಎಳೆಯುವ ಜೀವದ ಸುಖ ಮೊದಲು ಎಂಬುದು ಆ ಚಿಂತೆಯ ಸಾರ.

ಇಷ್ಟನ್ನೂ ತಿಳಿದ ಮೇಲೆ ಗೃಹಸ್ಥನು ತನ್ನ ಕೈಯ ಟ್ರೈಲರನ್ನು ರಸ್ತೆಗೆ ಇಳಿಸಿಬಿಡಬಹುದೇ? ಕೂಡದು. ೧೯೮೮ರ ಮೋಟಾರು ವಾಹನ ಕಾಯಿದೆಯ ಅರ್ಥದಲ್ಲಿ ಟ್ರೈಲರೂ ಒಂದು ಮೋಟಾರು ವಾಹನವೇ. ನೋಂದಣಿಯಿಲ್ಲದೆ ಅದು ಸಾರ್ವಜನಿಕ ಮಾರ್ಗದಲ್ಲಿ ಸಾಗುವಂತಿಲ್ಲ. ಇದನ್ನು ಸರಕಾರದ ಕಿರುಕುಳವೆಂದು ಗೊಣಗುವವರಿದ್ದಾರೆ. ಆದರೆ ಕೆಟ್ಟದಾಗಿ ಬೆಸೆದ ಕೊಂಡಿಯೊಂದು ಇಳಿಜಾರಿನಲ್ಲಿ ಕಳಚಿಕೊಂಡರೆ ಅದರ ದಾರಿಗೆ ಅಡ್ಡವಾಗುವವನು ಆ ಮನೆಯ ಯಜಮಾನನಲ್ಲ, ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಯಾರದೋ ಮಗು. ಮಿತವ್ಯಯವೆಂಬುದು ಸ್ವಂತ ಸುಖದಲ್ಲಿ ಕಡಿಮೆ ಮಾಡಿಕೊಳ್ಳಬೇಕಾದ ಗುಣ. ಪರರ ಕ್ಷೇಮದಲ್ಲಿ ಕಡಿಮೆ ಮಾಡಿದರೆ ಅದು ಮಿತವ್ಯಯವೆನಿಸದು.

ಹಾಗೆಂದು ಆಸೆಯನ್ನು ಬಿಡಬೇಕಾಗಿಲ್ಲ. ಹಳ್ಳಿಯ ಅನೇಕ ಮನೆಗಳಲ್ಲಿ ಟ್ರಾಕ್ಟರು ಇದೆ, ನೋಂದಣಿಯಾದ ಟ್ರೈಲರೂ ಇದೆ. ಸುಗ್ಗಿ ಮುಗಿದ ಮೇಲೆ ಅದಕ್ಕೆ ವಿರಾಮವೂ ಇದೆ. ಗೃಹಸ್ಥನು ಮಾಡಬೇಕಾದುದು ಗಾಡಿಯನ್ನಲ್ಲ, ಗಾಡಿಯ ಮೇಲಿಟ್ಟು ಮತ್ತೆ ಇಳಿಸಬಹುದಾದ ಗೂಡನ್ನು. ಟ್ರೈಲರಿನ ಒಳಗನ್ನು ಮೊದಲು ಅಳೆದುಕೊಂಡು, ಬಿದಿರಿನ ಅಥವಾ ಕಬ್ಬಿಣದ ಕೊಳವೆಯ ಕಮಾನುಗಳನ್ನು ನಿಲ್ಲಿಸಿ, ಮೇಲೆ ಟಾರ್ಪಾಲು ಬಿಗಿದು, ಒಳಗೆ ಹಲಗೆಯ ಮಂಚವನ್ನೂ ಮಂಚದ ಕೆಳಗೆ ಪೆಟ್ಟಿಗೆಗಳನ್ನೂ ಹೊಂದಿಸಿದರೆ ಅಜ್ಜನ ಕಮಾನು ಗಾಡಿಯೇ ಮೊಮ್ಮಗನ ಕಾಲಕ್ಕೆ ಮರಳಿ ಬಂದಂತಾಗುವುದು. ಒಂದು ಕಟ್ಟಳೆಯನ್ನು ಮಾತ್ರ ಮರೆಯಬಾರದು. ಸಾಮಾನಿನ ಟ್ರೈಲರಿನಲ್ಲಿ ಜನರನ್ನು ತುಂಬಿ ಸಾಗಿಸುವುದು ಕಾಯಿದೆಗೂ ವಿರುದ್ಧ, ಪ್ರಾಣಕ್ಕೂ ಅಪಾಯ. ಜಾತ್ರೆಗೆ ಹೊರಟ ಎಷ್ಟೋ ಟ್ರೈಲರುಗಳು ಮಗುಚಿ ಮನೆಮನೆಗಳಲ್ಲಿ ಕತ್ತಲೆಯಾಗಿದೆ. ಗೂಡು ಮುಂದೆ ಹೋಗಲಿ, ಸಂಸಾರ ಬಸ್ಸಿನಲ್ಲಿ ಹಿಂದೆ ಬರಲಿ. ತಲುಪಿದ ಮೇಲೆ ಗಾಲಿಗಳಿಗೆ ಕಲ್ಲು ಕೊಟ್ಟು, ಮೂತಿಗೂ ನಾಲ್ಕು ಮೂಲೆಗಳಿಗೂ ಊರೆ ನಿಲ್ಲಿಸಿದ ಮೇಲೆ ಅದು ಮನೆ. ಅದಕ್ಕೆ ಮೊದಲು ಅದು ಬರಿಯ ಹೊರೆ.

ಇಂತಹ ಕಿರಿದಾದ ಮನೆಯಲ್ಲಿ ಎರಡು ದಿನ ಇರುವುದು ವಿದ್ಯಾವಂತ ಕುಟುಂಬಗಳಿಗೆ ವಿನೋದ. ಆದರೆ ಬೂದಿಕೋಟೆಗೆ ಹತ್ತಿರದ ಚಿನ್ನದ ಗಣಿಗಳಲ್ಲಿ ಇದೇ ಅಳತೆಯ ಬಾಳು ವಿನೋದವಾಗಿರಲಿಲ್ಲ. ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದು ಗಣಿಗಳ ಯಂತ್ರಗಳನ್ನು ನಡೆಸಿತು. ನೆಲದಾಳದಿಂದ ಚಿನ್ನವನ್ನು ಎತ್ತಿದ ಕೂಲಿಕಾರರಲ್ಲಿ ಬಹು ಮಂದಿ ಬಿದಿರು ತಟ್ಟಿಯ ಗುಡಿಸಲುಗಳಲ್ಲಿ ಮಕ್ಕಳು ಮರಿಗಳೊಡನೆ ಬಾಳಿದರು. ೨೦೦೧ರಲ್ಲಿ ಗಣಿ ಮುಚ್ಚಿದ ಮೇಲೆ ಕೆಲಸಕ್ಕಾಗಿ ದಿನದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವರಾದರು. ಚಲನೆ ಅವರಿಗೆ ಒದಗಿತು, ವಿಹಾರ ಒದಗಲಿಲ್ಲ. ಕಿರಿದಾದ ಮನೆ ಸಹ್ಯವಾಗುವುದು ಅದನ್ನು ತಾನೇ ಆರಿಸಿಕೊಂಡಾಗ, ಹಿಂದಿರುಗಲು ಹಿರಿದಾದ ಮನೆಯೊಂದಿದ್ದಾಗ. ಗಾಲಿಯ ಮನೆಯಲ್ಲಿ ಮಲಗಿ ನಕ್ಷತ್ರಗಳನ್ನು ನೋಡುವವನು ಈ ಭೇದವನ್ನು ಅರಿತಿದ್ದರೆ ಅವನ ವಿಹಾರದಲ್ಲಿ ಅಹಂಕಾರ ಸೇರಲಾರದು.

ಇಂತಹ ಗೂಡಿನಿಂದ ದೊರೆಯುವ ಲಾಭವನ್ನು ಹಣದಲ್ಲಿ ಎಣಿಸಿದರೆ ಛತ್ರದ ಬಾಡಿಗೆಯಷ್ಟು ಉಳಿಯಬಹುದು. ಆದರೆ ಅದನ್ನು ಮಾಡುವಾಗ ತಂದೆ ಅಳೆಯುತ್ತಾನೆ, ಮಗ ಗರಗಸ ಹಿಡಿಯುತ್ತಾನೆ, ಮಗಳು ಬಣ್ಣ ಬಳಿಯುತ್ತಾಳೆ, ತಾಯಿ ಯಾವ ಪಾತ್ರೆ ಬೇಕು, ಯಾವುದು ಬೇಡ ಎಂದು ನಿರ್ಣಯಿಸುತ್ತಾಳೆ. ಬೇಡವಾದುದರ ಪಟ್ಟಿ ಬೇಕಾದುದರ ಪಟ್ಟಿಗಿಂತ ಉದ್ದವಾಗುವುದನ್ನು ಆ ಮನೆಯವರೆಲ್ಲರೂ ಒಟ್ಟಿಗೆ ಕಾಣುತ್ತಾರೆ. ಊರಿನ ಮುದಿ ಬಡಗಿಯನ್ನು ಕರೆದು ಒಂದು ಕೀಲಿನ ವಿಚಾರ ಕೇಳಬೇಕಾಗುವುದು. ಅವನು ಬಂದು ಕುಳಿತು, ತಾನು ಮರೆತೆನೆಂದುಕೊಂಡಿದ್ದುದನ್ನು ಹೇಳಿಕೊಡುವನು. ಅವನಿರುವಾಗಲೇ ಕೇಳಿಕೊಳ್ಳುವುದು ಲೇಸು.